ಕತ್ತಿರಾಯನ ಮೀಸೆ

ಗುಂಡ್ಲುಪೇಟೆಯ ನಗ್ಮಾ ಮೈಸೂರಿನ ಹಾಸ್ಟೆಲ್‌ನಲ್ಲಿ ನನ್ನ ರೂಂಮೇಟ್. ನಾನು ಚಾಮರಾಜನಗರದವಳು. ೨೦೦೪ರಲ್ಲಿ ನಾನು ಕನ್ನಡ ಎಂ.ಎ. ಓದುತ್ತಿದ್ದರೆ ಅವಳು ಕಲಾ ಇತಿಹಾಸ ಹಿಡಿದಿದ್ದಳು. ‘ಓದಿ ಮ್ಯೂಸಿಯಂ ಬಾಗಿಲು ಕಾಯ್ತೀಯೇನೇ?’ ಎಂದು ಎಷ್ಟೋ ಸಲ ರೇಗಿಸಿದ್ದೇನೆ. ಅವಳು ತಲೆ ಕೆಡಿಸಿಕೊಂಡವಳೇ ಅಲ್ಲ.

ಕೊನೆಯ ವರ್ಷದ ಪ್ರಬಂಧಕ್ಕೆ ನಮ್ಮ ತಾಲೂಕಿನ ವೀರಗಲ್ಲುಗಳನ್ನು ಆರಿಸಿಕೊಂಡಳು. ಅಳತೆ ಟೇಪು ಹಿಡಿಯೋಕೆ ನಾನು. ಹರದನಹಳ್ಳಿ ಹೊಲದ ಬದಿಯ ಒಂದು ಕಲ್ಲನ್ನು ಊರವರು ಕತ್ತಿರಾಯ ಎಂದು ಪೂಜಿಸುತ್ತಾರೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಅದಕ್ಕೆ ಪೇಂಟ್ ಹೊಡೆಸುತ್ತಾರೆ. ಹಳದಿ ಮೈ, ಕೆಂಪು ಚಲ್ಲಣ, ಹುರಿ ಮೀಸೆ. ನಗ್ಮಾ ಕಣ್ಣು ಮುಚ್ಚಿ ಕಲ್ಲಿನ ಮೇಲೆ ಬೆರಳಾಡಿಸಿದಳು. ಮುಂಗೈಗೆ ಸಾಲು ಬಳೆ, ಹಿಂದೆ ತುರುಬು. ಕತ್ತಿ ಹಿರಿದು ನಿಂತಿದ್ದವಳು ಹೆಂಗಸು!

ಪ್ರಬಂಧದ ಗೈಡ್ ಒಪ್ಪಲಿಲ್ಲ. ‘ಫೋಟೋದಲ್ಲಿ ಮೀಸೆ ಕಾಣ್ತಿದೆಯಲ್ಲಮ್ಮಾ. ಸಾಕ್ಷಿ ತಾ, ಇಲ್ಲದಿದ್ದರೆ ಆ ಅಧ್ಯಾಯ ಬಿಡು’ ಎಂದರು.

ಸಾಕ್ಷಿ ಅವಳ ಮನೆಯಲ್ಲೇ ಇತ್ತು. ಆ ಮೀಸೆ ಬರೆದವರು ಅವಳಪ್ಪ ಹುಸೇನ್. ಕನ್ನಡ, ಮಲಯಾಳಂ ಎರಡರಲ್ಲೂ ಬೋರ್ಡು ಬರೆಯುವವರು. ಸುತ್ತಿನ ಊರುಗಳ ದೇವರ ಬಣ್ಣವೂ ಅವರದೇ. ‘ಕತ್ತಿ ಇತ್ತು, ಗಂಡಸು ಅಂದುಕೊಂಡೆ. ಮುಖ ಸಪಾಟಾಗಿತ್ತು, ಮೀಸೆ ನಾನೇ ಸೇರಿಸಿದೆ’ ಎಂದರು. ‘ಊರವರ ಮುಂದೆ ಹಾಗೇ ಹೇಳಿ, ಅಬ್ಬಾ. ಅವರು ಒಪ್ಪಿದರೆ ಪೇಂಟ್ ತೆಗೆದು ಫೋಟೋ ಹಿಡೀತೀನಿ’ ಎಂದಳು ಮಗಳು. ಹುಸೇನ್ ಎರಡು ದಿನ ಅವಳ ಜೊತೆ ಮಾತು ಬಿಟ್ಟರು. ದೇವರಿಗೇ ತಪ್ಪು ಬರೆದವರನ್ನು ಇನ್ನು ಯಾವ ಊರು ಕರೆದೀತು? ನನಗೂ ಸಿಟ್ಟು ಬಂತು. ‘ಅಪ್ಪನ ಹೊಟ್ಟೆ ಮೇಲೆ ಹೊಡೀತೀಯಾ?’ ಎಂದೆ. ಅವಳು ಅತ್ತಳು, ಆದರೆ ಪಟ್ಟು ಬಿಡಲಿಲ್ಲ.

ಮೂರನೇ ದಿನ ಹುಸೇನ್ ಹಳೇ ಪೇಂಟ್ ಕೀಳುವ ರಿಮೂವರ್ ಡಬ್ಬಿ ಹಿಡಿದು ನಮ್ಮ ಜೊತೆ ಹರದನಹಳ್ಳಿ ಬಸ್ಸು ಹತ್ತಿದರು. ಊರ ಯಜಮಾನ ಶಾಂತಮಲ್ಲಪ್ಪನವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದರು. ‘ತಪ್ಪು ನಂದು. ಒಪ್ಪಿದರೆ ನಾನೇ ತೆಗೀತೀನಿ.’

ಯಜಮಾನರು ಕಲ್ಲನ್ನೇ ದಿಟ್ಟಿಸಿ, ‘ತಗೀರಿ ಸಾಬ್ರೇ, ನೋಡೇಬುಡನ’ ಎಂದರು.

ಹುಸೇನ್ ಬಟ್ಟೆಯಿಂದ ಮೆಲ್ಲಗೆ ಒರೆಸುತ್ತಾ ಹೋದರು. ಮೀಸೆ ಹೋಯಿತು. ಬಳೆ ಎದ್ದಿತು. ಕೊರಳಲ್ಲಿ ತಾಳಿ ಕಂಡಿತು. ನಗ್ಮಾ ಫೋಟೋ ತೆಗೆದಳು.

‘ಅಯ್ಯೋ ಸಿವ್ನೇ, ತಾಯಿಗೆ ಮೀಸೆ ಇಕ್ಕುಸ್ಬುಟ್ಟಿದ್ವಲ್ಲಾ!’ ಎಂದು ಶಾಂತಮಲ್ಲಪ್ಪ ಕೈಮುಗಿದರು. ‘ಸಾಬ್ರೇ, ಕೆಂಪು ಸೀರೆ, ಹಸುರು ಬಳೆ ಬರ್ದುಬುಡಿ. ಸುತ್ತಮುತ್ಲೂರ್ಗಳ ಕೆಲ್ಸನೆಲ್ಲ ನಿಮ್ಗೇ ಕೊಡುಸ್ತೀನಿ.’

ನಗ್ಮಾಳ ಅಧ್ಯಾಯ ಉಳಿದಿತ್ತು, ಅಪ್ಪನ ಕೆಲಸವೂ ಉಳಿದಿತ್ತು. ಸುಮ್ಮನಿರಬಹುದಿತ್ತು. ಅವಳು ಕಲ್ಲಿಗೆ ಅಡ್ಡ ನಿಂತು, ‘ಬೇಡಿ ಅಬ್ಬಾ, ಹೀಗೇ ಇರಲಿ’ ಎಂದಳು.

ಹುಸೇನ್ ಮಗಳ ಮುಖ ನೋಡಿದರು, ಒರೆಸಿದ ಕಲ್ಲನ್ನು ನೋಡಿದರು.

‘ಕ್ಷಮಿಸಿ ಯಜಮಾನ್ರೇ, ಇದನ್ನು ಕೆತ್ತಿದವನು ನನಗಿಂತ ದೊಡ್ಡ ಕೆಲಸಗಾರ’ ಎಂದರು. ‘ಅವನ ಕೆಲಸದ ಮೇಲೆ ನಾನಿನ್ನು ಬ್ರಷ್ ಇಡಲ್ಲ.’