ಸರದಿ ಕೋಲು

ಬೆಳಿಗ್ಗೆ ಬಾಗಿಲು ತೆಗೆದೊಡನೆ ಅನುಸೂಯಮ್ಮ ನೋಡುವುದು ಗೋಡೆಯ ಮೂಲೆಯನ್ನು. ಕೋಲು ಅಲ್ಲೇ ಇರುತ್ತದೆ. ಶಿವರಾತ್ರಿಗೆ ಮೊದಲು ಬಂದದ್ದು, ಇನ್ನೂ ಹೋಗಿಲ್ಲ.

ಕಾಡುಗೋಡಿಯಿಂದ ಆಚೆಗಿನ ಈ ಊರಿನ ಗುಂಡುತೋಪಿಗೆ ಸಂಬಳದ ಕಾವಲುಗಾರ ಎಂದೂ ಇರಲಿಲ್ಲ. ಹುಣಸೆ, ಹೊಂಗೆ, ನೇರಳೆಯ ಆ ತೋಪು ಊರಿಗೆಲ್ಲ ಸೇರಿದ್ದು, ಅದಕ್ಕೇ ಊರೆಲ್ಲ ಕಾಯಬೇಕು. ಯಾರ ಬಾಗಿಲಿಗೆ ಕೋಲು ಒರಗಿದೆಯೋ ಆ ದಿನದ ಕಾವಲು ಆ ಮನೆಯದು. ಹಸಿ ಕೊಂಬೆಗೆ ಮಚ್ಚು ಬೀಳಬಾರದು, ತರಗೆಲೆಗೆ ಬೆಂಕಿ ತಾಗಬಾರದು. ಅಂದು ತಾನಾಗಿ ಬಿದ್ದ ಪುಳ್ಳೆ ಸೌದೆಯೆಲ್ಲ ಕಾದವರಿಗೆ. ಸಂಜೆ ಕೋಲನ್ನು ಪಕ್ಕದ ಮನೆಗೆ ಒರಗಿಸಿ ಮಾತಾಡದೆ ಬರಬೇಕು. ನಡುವಿನ ಮನೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಅನುಸೂಯಮ್ಮ ಮದುವೆಯಾಗಿ ಬಂದ ವರ್ಷ ಅತ್ತೆ ಈ ಕೋಲು ತೋರಿಸಿ, "ಇದು ಬಂದ ದಿನ ನೆಂಟರು ಬಂದ್ರೂ ತೋಪಿಗೇ ಬರ್ಲಿ" ಎಂದಿದ್ದಳು. ಗಂಡ ಸತ್ತ ಮೇಲೆ ಅವಳೊಬ್ಬಳೇ ಹೊಲಕ್ಕೆ ನೀಲಗಿರಿ ಹಾಕಿಸಿದಳು. ಬೆಳೆದಾಗಲೆಲ್ಲ ಕಡಿಸಿ ಲಾರಿಗೆ ತುಂಬಿಸಿದಳು. ಸ್ವಂತದ ಮರ, ಅಳಲಿಲ್ಲ. ತೋಪಿನಲ್ಲಿ ಮಾತ್ರ ಒಣಗಿದ ಕೊಂಬೆಯನ್ನೂ ಜಗ್ಗಲಿಲ್ಲ. ಬೀಳುವ ತನಕ ಕಾದಳು.

ಈಗ ಕೋಲು ಮುಂದೆ ಹೋಗಬೇಕಾದ ಪಕ್ಕದ ರಾಮಾಂಜಿನಪ್ಪನ ಹಂಚಿನ ಮನೆ ಇಲ್ಲ. ಆ ಜಾಗದಲ್ಲಿ ಬಾಡಿಗೆ ರೂಮುಗಳ ಕಟ್ಟಡ. ಅವನು ಮಹದೇವಪುರದಲ್ಲಿದ್ದಾನೆ. ಬಾಡಿಗೆ ವಸೂಲಿಗೆ ಬಂದವನನ್ನು ಅವಳು ತಡೆದಳು.

"ಕೋಲು ನಮ್ಮನೇಲೇ ನಿಂತೋಗೈತೆ ಕಣೋ. ಒಂದು ದಿನ ಬಂದು ಕಾದೋಗು."

"ಅಕ್ಕಾ, ಯಾವ ಕಾಲದಲ್ಲಿದೀಯ? ತಂತಿ ಬೇಲಿ ಹೊಡ್ಸಿ, ಗೇಟಿಗೆ ಬೀಗ ಹಾಕ್ಸಿ, ಸೆಕ್ಯೂರಿಟಿ ಇಟ್ಬಿಡಾಣ. ಯುಗಾದಿ ದಿನ ಎಲ್ರೂ ಸೇರ್ತಾರಲ್ಲ, ಅವತ್ತೇ ತೀರ್ಮಾನ ಮಾಡ್ಬಿಡಾಣ."

"ಬೀಗ ಹಾಕಿದ್ಮೇಲೆ ಅದು ಊರ ತೋಪು ಎಂಗಾಯ್ತದೆ?"

"ಅಂಗಾದ್ರೆ ನೀನೇ ಕಾಯಿ" ಎಂದು ಸ್ಕೂಟರ್ ಹತ್ತಿದ.

ಅವಳೇ ಕಾದಳು. ಕೂತರೆ ಎದ್ದು ನಿಲ್ಲಬೇಕೆನಿಸುತ್ತಿತ್ತು, ನಿಂತರೆ ಆಚೆ ಮೂಲೆಯಲ್ಲಿ ಯಾರೋ ಬೀಡಿ ಎಸೆದಂತೆ. ಹೊಂಗೆ ಎಲೆ ಉದುರಿ ನೆಲ ಗರಗರ ಎನ್ನುತ್ತಿತ್ತು. ಕಟ್ಟಡದ ಕಸ ತುಂಬಿದ ಟೆಂಪೊ ಒಂದು ತೋಪಿನ ಅಂಚಿಗೆ ಹಿಮ್ಮುಖವಾಗಿ ಬಂದು, ಅವಳನ್ನು ಕಂಡು ಹೊರಟುಹೋಯಿತು. ಊಟಕ್ಕೆ ಮನೆಗೆ ಹೋದರೆ ಅರ್ಧಕ್ಕೇ ಕೈತೊಳೆದು ಏಳುತ್ತಿದ್ದಳು. ಟೆಂಪೊ ಮರಳಿ ಬಂದಿರಬಹುದು.

ಅಂಥದೊಂದು ಮಧ್ಯಾಹ್ನ ಓಡೋಡಿ ಬಂದಾಗ ಹುಣಸೆಯಡಿ ಒಬ್ಬಳು ಪುಳ್ಳೆ ಆರಿಸುತ್ತಿದ್ದಳು. ಅದೇ ಕಟ್ಟಡದ ಕೆಳಗಿನ ರೂಮಿನ ರುಕ್ಮವ್ವ, ಗಾರೆ ಕೆಲಸದವಳು.

"ಏಯ್, ಕೆಳಗಾಕು! ಕೋಲಿಲ್ದೋರು ಇಲ್ಲಿ ಒಂದು ಕಡ್ಡೀನೂ ಮುಟ್ಟಂಗಿಲ್ಲ."

"ಬಿದ್ದ ಕಟಗಿ ಐತ್ರಿ ಅಮ್ಮಾರ. ಮುರದಿಲ್ಲ." ರುಕ್ಮವ್ವ ಹೊರೆ ಇಳಿಸಿದಳು. "ಗ್ಯಾಸಿನ ಮ್ಯಾಲೆ ಮನಿ ಮಂದಿಗೆಲ್ಲ ರೊಟ್ಟಿ ಸುಟ್ಟರ ಪರವಡಂಗಿಲ್ರಿ. ಹಿತ್ತಲದಾಗ ಒಲಿ ಹೂಡೇನಿ. ಆ ಕೋಲು ಎಲ್ಲಿ ಸಿಗತೈತ್ರಿ?"

ಅನುಸೂಯಮ್ಮ ಹೊತ್ತು ಇಳಿದ ಮೇಲೆ ಮನೆಗೆ ಬಂದು ಮುದ್ದೆಗೆ ಎಸರಿಟ್ಟಳು. ಎಸರು ಕುದಿಯುತ್ತಿದ್ದರೂ ಹಿಟ್ಟು ಹಾಕದೆ ನಿಂತಳು. ನಡುವಿನ ಮನೆ ಬಿಡುವಂತಿಲ್ಲ ಎಂದರೆ ಯಾವ ಮನೆ? ರಾಮಾಂಜಿನಪ್ಪ ಉಣ್ಣುವುದು ಮಹದೇವಪುರದಲ್ಲಿ. ಪಕ್ಕದಲ್ಲಿ ಹೊಗೆ ಏಳುವುದು ರುಕ್ಮವ್ವನ ಒಲೆಯಿಂದ. ಹೊರಗಿನವರಿಗೆ ಕೋಲು ಹೋಯಿತೆಂದು ಊರು ಬೈದರೆ? ಬೈಯಲಿ. ಕೋಲು ಇಲ್ಲೇ ನಿಂತರೆ ಯುಗಾದಿಗೆ ಬೀಗ ಬೀಳುವುದು ಖಂಡಿತ.

ಅವತ್ತೇ ಸಂಜೆ ಕೋಲನ್ನು ಒಯ್ದು ರುಕ್ಮವ್ವನ ಬಾಗಿಲಿಗೆ ಒರಗಿಸಿ, ಮಾತಾಡದೆ ಬಂದಳು.

ಮರುದಿನ ಅವಳಿಗೆ ಕೈಕಾಲು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಗುಡಿಸಿದ ಅಂಗಳವನ್ನೇ ಗುಡಿಸಿದಳು. ಬಿಸಿಲೇರುವಷ್ಟರಲ್ಲಿ ತೋಪಿನಲ್ಲಿದ್ದಳು. ಹುಣಸೆಯಡಿ ರುಕ್ಮವ್ವ, ತೊಡೆಯ ಮೇಲೆ ಕೋಲು.

"ಕೆಲಸಕ್ಕೆ ಓಗ್ಲಿಲ್ವೇನವ್ವಾ?"

"ಮೇಸ್ತ್ರಿಗೆ ಮೈಯಾಗ ಆರಾಮಿಲ್ಲ ಅಂದೀನ್ರಿ." ರುಕ್ಮವ್ವ ನಕ್ಕಳು. "ಇಲ್ಲಿಗೆ ಬಂದಮ್ಯಾಲೆ ನಮ್ಮ ಬಾಗಲಿಗೆ ಬಾಡಿಗಿ ಕೇಳಾಕ ಬಿಟ್ಟರ ಯಾರೂ ಬಂದಿದ್ದಿಲ್ರಿ. ಅಂಥಾದ್ರಾಗ ನಿಮ್ಮ ಕೈಯಾಗಿದ್ದ ಕೋಲು ಬಂದೈತಿ, ಬಿಟ್ಟು ಹ್ಯಾಂಗ ಹೋಗ್ಲಿ?"

ಹಸಿ ಕೊಂಬೆ ಮುರಿದವರು ಬೇಲಿಗೆ ಮುಳ್ಳು ಹೊತ್ತು ತರಬೇಕೆಂಬ ದಂಡವನ್ನು ಅನುಸೂಯಮ್ಮ ಹೇಳಿಕೊಟ್ಟಳು. ಟೆಂಪೊ ಬರುವ ದಾರಿ ತೋರಿಸಿದಳು. ಸಂಜೆ ಕೋಲನ್ನು ಪಕ್ಕದ ಬಾಗಿಲಿಗೆ ಒರಗಿಸಬೇಕೆಂದಳು, ಯಾವ ಮನೆಯ ಬಾಗಿಲಿಗೆ ಎಂದು ಹೇಳುವುದು ಮರೆತೇ ಹೋಯಿತು. ಹೇಳಬೇಕಾದ್ದು ಆ ಕಟ್ಟಡ ದಾಟಿದರೆ ಸಿಗುವ ಹನುಮಯ್ಯನ ಮನೆ. ಮನೆಗೆ ಬಂದು ನೆನಪಾಗಿ ಮತ್ತೆ ಹೊರಡುವಷ್ಟರಲ್ಲಿ ಸಂಜೆ ಕಳೆದಿತ್ತು, ರುಕ್ಮವ್ವನ ರೂಮಿಗೆ ಬೀಗ. ಕೋಲೂ ಇಲ್ಲ. ಹನುಮಯ್ಯನ ಬಾಗಿಲಲ್ಲೂ ಇಲ್ಲ.

ಬೆಳಗಾಗುವುದನ್ನೇ ಕಾದು ತೋಪಿಗೆ ಹೋದಳು. ಯಾರೂ ಕಾಣಲಿಲ್ಲ. ಟೆಂಪೊ ಬರುವ ದಾರಿಯತ್ತ ನಡೆದಳು. ಕಾಲಿಗೆ ಸಿಕ್ಕ ಒಣ ಹೊಂಗೆ ಕೊಂಬೆಯನ್ನು ಅಭ್ಯಾಸಬಲದಿಂದ ಎತ್ತಿಕೊಂಡಳು.

"ಏ ಅಮ್ಮಾ! ಇಡ್ರಿ ಅದನ್ನ."

ನೇರಳೆ ಮರದ ಹಿಂದಿನಿಂದ ಮೀಸೆಯ ಗಂಡಸೊಬ್ಬ ಬಂದ. ಫ್ಯಾಕ್ಟರಿಯ ನೀಲಿ ಅಂಗಿ, ನಿದ್ದೆಗೆಟ್ಟ ಕೆಂಪು ಕಣ್ಣು, ಕೈಯಲ್ಲಿ ಕೋಲು.

"ನೀನ್ಯಾರಪ್ಪಾ?"

"ಯಮನೂರ ಅಂತ್ರಿ. ರುಕ್ಮವ್ವನ ಬಾಜೂ ಖೋಲಿ. ನಿನ್ನೆ ಸಂಜೀಕ ಕೋಲು ನಮ್ಮ ಬಾಗಲಿಗೆ ಬಂತ್ರಿ, ಒಳಗ ಇಟ್ಟಕೊಂಡೆ. ಇವತ್ತಿನ ಪಾಳಿ ನಮ್ದೈತಿ. ಕೋಲು ಇಲ್ಲದವರು ಕಡ್ಡಿ ಮುಟ್ಟಬಾರದಂತ್ರಿ, ಇಲ್ಲಿ ಅನುಸೂಯಮ್ಮ ಅಂತ ಒಬ್ಬಾಕಿ ಅದಾಳಂತ, ಬಾಳ ಜೋರಂತ."

"ಔದಾ, ಅಂಗಂತಾ?"

ಅವಳು ಕಟ್ಟಡದ ಕಡೆ ತಿರುಗಿ ನೋಡಿದಳು. ಬಾಗಿಲ ಪಕ್ಕ ಬಾಗಿಲು, ಮಹಡಿಯ ಮೇಲೆ ಮಹಡಿ. ಅಷ್ಟೂ ಬಾಗಿಲು ಮುಟ್ಟಿ, ಹನುಮಯ್ಯನ ಮನೆ ಹಾಯ್ದು, ಊರು ಸುತ್ತಿ ತನ್ನ ಗೋಡೆಯ ಮೂಲೆಗೆ ಅದು ಮತ್ತೆ ಯಾವಾಗ ಬಂದೀತು?

ಕೊಂಬೆಯನ್ನು ಬಿದ್ದಿದ್ದ ಜಾಗದಲ್ಲೇ ಇಟ್ಟಳು.

"ಟೆಂಪೊ ಬತ್ತದೆ" ಎಂದಳು. "ಕೂತ್ಕಬೇಡ. ತಿರುಗ್ತಾ ಇರು."