ಪ್ರೊಜೆಕ್ಟರಿನ ಹಣೆ

ಆಯುಧಪೂಜೆಗೆಂದೇ ಮೈಸೂರಿನಿಂದ ಹೊಸ ಪ್ರೊಜೆಕ್ಟರ್ ಕೊಂಡು ನಂಜನಗೂಡಿನ ಮನೆಗೆ ತಂದಿದ್ದೆ. ಸಂಜೆ ಅಪ್ಪನ ಬಿಳಿ ಪಂಚೆಯನ್ನು ಗೋಡೆಗೆ ಕಟ್ಟಿ, ತಂಗಿಯ ಮದುವೆಯ ಸಿ.ಡಿ. ಹಾಕಿದೆ. ನೆಂಟರ ಎದುರು ಮದುಮಗಳು ತಲೆಕೆಳಗಾಗಿ ಬಂದಳು.

ಪ್ರೊಜೆಕ್ಟರಿನ ಮೇಲಿದ್ದ ಗುಂಡಿಗಳಿಂದ ಸದ್ದು, ಬೆಳಕು ಹೆಚ್ಚು ಕಮ್ಮಿ ಆಗುತ್ತಿತ್ತು. ಚಿತ್ರ ತಿರುಗಿಸಲು ರಿಮೋಟೇ ಬೇಕು. ಅದನ್ನು ಎಷ್ಟು ಒತ್ತಿದರೂ ಏನೂ ಆಗಲಿಲ್ಲ. ಸೆಲ್ ಬದಲಿಸಿದೆ. ಮೋಸ ಮಾಡಿದನೆಂದು ಅಂಗಡಿಯವನನ್ನು ಬಾಯಿಗೆ ಬಂದಂತೆ ಬೈದೆ. ಕೊನೆಗೆ ಸೋತು ಪ್ರೊಜೆಕ್ಟರಿನ ಮುಂದೆಯೇ ಕುಕ್ಕರಗಾಲಲ್ಲಿ ಕೂತಾಗ ಕಂಡಿತು: ರಿಮೋಟಿನ ಸಂಕೇತ ಹಿಡಿಯುವ ಪುಟ್ಟ ಕಪ್ಪು ಗಾಜಿನ ಮೇಲೆ, ಬೆಳಗ್ಗೆ ಪೂಜೆಯಲ್ಲಿ ಅಮ್ಮ ಬಳಿದಿದ್ದ ವಿಭೂತಿ ದಪ್ಪಗೆ ಒಣಗಿತ್ತು.

"ಅದ್ಕೆ ಹಣೆ ಅದೇ ಅನ್ಕಂಡೆ ಕಣೋ. ಬೇರೆಲ್ಲೂ ಜಾಗ ಕಾಣ್ನಿಲ್ಲ," ಎಂದಳು ಅಮ್ಮ.

ಸೆರಗಿನಿಂದ ಅವಳೇ ಒರೆಸಿದಳು. ರಿಮೋಟ್ ಒತ್ತಿದೆ, ತಂಗಿ ನೆಟ್ಟಗೆ ನಿಂತಳು. ಹೋದ ಜೀವ ಬಂದಂತಾಯಿತು. ಅಮ್ಮನಿಗೆ ಮಾತ್ರ ಸಮಾಧಾನವಿಲ್ಲ. ವಿಭೂತಿ ಗಟ್ಟಿಯನ್ನು ಮತ್ತೆ ತಂದು, "ಪೂಜೆ ದಿನ ಅಳಿಸ್ದಂಗಾಯ್ತಲ್ಲೋ, ಈಗ ಎಲ್ಲಿಗಿಕ್ಲಿ?" ಎಂದಳು.

ಬಗ್ಗಿ ನನ್ನ ಹಣೆಯನ್ನೇ ಒಡ್ಡಿದೆ.