ಸೂರ್ಯ ರೇಡಿಯೋ ನಿಲ್ಲಿಸಿದ ಮಧ್ಯಾಹ್ನ

ಐವತ್ತರ ದಶಕದ ಕೊನೆಯ ಒಂದು ಬೇಸಿಗೆ. ಅಷ್ಟರೊಳಗೆ ನನ್ನನ್ನು ನೋಡಲು ಬಂದ ಇಬ್ಬರು ಒಲ್ಲೆವೆಂದು ಹೋಗಿದ್ದರು. ಕಾರಣ ನನ್ನ ಬಾಯಿ. ಒಂದು ಕೇಳಿದರೆ ಎರಡು ಹೇಳುವ ಹುಡುಗಿ ಎಂದು ಆದವಾನಿಯಲ್ಲೆಲ್ಲ ಹೆಸರಾಗಿತ್ತು. ಮೂರನೆಯವರು ಕೌತಾಳಂ ಕಡೆಯವರು, ಹುಡುಗ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಅವನನ್ನು ಪೇಟೆಯಲ್ಲಿ ಒಮ್ಮೆ ಕಂಡಿದ್ದೆ, ಮನಸ್ಸಿನಲ್ಲೇ ಒಪ್ಪಿಬಿಟ್ಟಿದ್ದೆ. ಹಾಗಾಗಿ ಅವ್ವ "ಇವತ್ತೊಂದಿನ ಬಾಯಿ ಮುಚ್ಕೊಂಡು ಕುಂದ್ರವ್ವಾ" ಎಂದಾಗ, ಎಂದೂ ಇಲ್ಲದಂತೆ ಹೂಂ ಅಂದೆ.

ಬಂದವರ ಮುಂದೆ ಮೆರೆಯಲು ನಮ್ಮಲ್ಲಿದ್ದದ್ದು ಒಂದೇ ವಸ್ತು, ಹತ್ತಿ ಮಂಡಿ ನಡೆಸುತ್ತಿದ್ದ ಅಪ್ಪ ತಂದ ರೇಡಿಯೋ. ಅದರ ಉಸ್ತುವಾರಿ ಸೋದರಮಾವನದು. ರೇಡಿಯೋದ ಹಿಂದಿನಿಂದ ಹೊರಟ ಅರ್ತ್ ತಂತಿ ಕಿಟಕಿ ದಾಟಿ ಅಂಗಳದ ಗುಂಡಿಯೊಳಗೆ ಇಳಿದಿತ್ತು. ಗುಂಡಿ ಒಣಗಿದರೆ ಹಾಡು ಕರಕರ ಅನ್ನುತ್ತದೆಂದು ಮಾವ ಅದಕ್ಕೆ ತುಳಸಿಗೆ ಹಾಕಿದಂತೆ ದಿನಾ ಒಂದು ಚೊಂಬು ನೀರು ಹಾಕುತ್ತಿದ್ದ.

ಬಂದವರು ಕುಳಿತರು. ಮಾವ ಸಿಲೋನ್ ಸ್ಟೇಷನ್ ಹಚ್ಚಿದ. ಹಾಡು ಸೊಗಸಾಗಿ ಬರುತ್ತಿತ್ತು. ನಡುವೆಯೇ ಹಾಡುವವಳ ದನಿ ಸಣ್ಣಗಾಗುತ್ತ ಹೋಗಿ ಪೂರಾ ಇಲ್ಲವಾಯಿತು. ರೇಡಿಯೋದೊಳಗಿನ ದೀಪವೇನೋ ಉರಿಯುತ್ತಿತ್ತು. ಮಾವ ಅದರ ಬಿರಡೆ ತಿರುವಿದ, ನೆತ್ತಿಗೆ ಒಂದು ಏಟು ಹಾಕಿದ. ಆಮೇಲೆ "ಅರ್ತ್ ಒಣಗೈತಿ" ಎಂದು ಅಂಗಳಕ್ಕೆ ಓಡಿ ಒಂದು ಕೊಡ ನೀರು ಸುರಿದ. ರೇಡಿಯೋ ಉಸಿರೆತ್ತಲಿಲ್ಲ. ಇನ್ನೊಂದು ಕೊಡ ಸುರಿದ.

"ಅರ್ತಿನ ತಪ್ಪಲ್ರಿ ಅದು," ಎಂದ ಹುಡುಗ. "ಈಗ ಸೂರ್ಯನ ಮೈಮ್ಯಾಲೆ ಕಪ್ಪು ಕಲೆ ಭಾಳ ಆಗ್ಯಾವ. ಅಲ್ಲೇನರ ಸಿಡೀತಂದ್ರ ಮ್ಯಾಲಿನ ಗಾಳಿ ಕೆಡತೈತಿ, ದೂರದ ಸ್ಟೇಷನ್ ಕೇಳಂಗಿಲ್ಲ. ಸುಮ್ಮನ ಕುಂತ್ರ ತಾನ ಬರತೈತಿ." ಭೂಮಿಯೇ ಒಂದು ದೊಡ್ಡ ಅಯಸ್ಕಾಂತ, ಒಂದೆರಡು ದಿನದಲ್ಲಿ ಅದೂ ಅಲುಗಿ, ದಿಕ್ಸೂಚಿಯ ಮುಳ್ಳು ಕಣ್ಣಿಗೆ ಕಾಣದಷ್ಟು ನಡುಗಬಹುದು ಎಂದೂ ಸೇರಿಸಿದ. ಎಲ್ಲರೂ ಮಿಕಿಮಿಕಿ ನೋಡಿದರು.

"ಶುರು ಆತು ನೋಡ್ರಿ ಇವನ ಪಾಠ," ಎಂದು ಅವನ ತಾಯಿ ನಿಟ್ಟುಸಿರುಬಿಟ್ಟರು.

"ಸೂರ್ಯ ದಿನಾ ಇರತಾನ್ರಿ ಮಾಸ್ತರ, ರೇಡಿಯೋ ಇವತ್ತಷ್ಟ ನಿಂತೈತಿ," ಎಂದು ಮಾವ ಕೊನೆಯ ಕೊಡಕ್ಕೆ ಕೈ ಹಾಕಿದ.

ಆ ನೀರು ಕುಡಿಯಲಿಕ್ಕೆ ಇಟ್ಟದ್ದು, ಒಗ್ಗಾಣಿಗೆ ಮಂಡಕ್ಕಿ ನೆನೆಸಲಿಕ್ಕೆ ಇಟ್ಟದ್ದು. ಬಾವಿಯಲ್ಲಿ ಮತ್ತೆ ನೀರೂರಲು ಸಂಜೆಯಾಗಬೇಕಿತ್ತು. ನನಗೆ ಪಿತ್ತ ನೆತ್ತಿಗೇರಿತು. ಎದ್ದು ಹೋಗಿ ಕೊಡ ಕಿತ್ತುಕೊಂಡೆ.

"ಮಾವಾ, ಇನ್ನೊಂದು ಹನಿ ಚೆಲ್ಲಿದ್ರ ನೋಡು! ಬಂದವರಿಗೆ ಕುಡಿಯಾಕ ಏನು ಕೊಡತಿ, ನಿನ್ನ ಹಾಡೇನು? ಅವರು ತಾನ ಬರತೈತಿ ಅಂದ್ರಲ್ಲ, ಕುಂದ್ರು ಸುಮ್ಮನ!"

ಅಡುಗೆಮನೆ ಬಾಗಿಲಲ್ಲಿ ಅವ್ವ ಹಣೆ ಚಚ್ಚಿಕೊಂಡಳು. ನನಗೆ ಕಣ್ಣು ತುಂಬಿ ಬಂತು. ಇಷ್ಟಪಟ್ಟವನೂ ಕೈತಪ್ಪಿ ಹೋದ ಅಂದುಕೊಂಡೆ. ಆದರೂ ಸೊಂಟದ ಮೇಲಿನ ಕೊಡ ಇಳಿಸಲಿಲ್ಲ, ಅವ್ವನಿಗೆ ಬೇಕಾದಷ್ಟು ಬಗ್ಗಿಸಿಕೊಟ್ಟು ಅಲ್ಲೇ ಕಾವಲು ನಿಂತೆ.

ಬಂದವರು ಒಗ್ಗಾಣಿ ತಿಂದು ಮುಗಿಸುವ ಹೊತ್ತಿಗೆ ರೇಡಿಯೋ ಕೆಮ್ಮಿ, ಮೆಲ್ಲಗೆ ಹಾಡತೊಡಗಿತು.

"ಚೂಸ್ತಿವಾ? ನೋಡಿದೇನು? ನೀರು ಈಗ ತಳಕ್ಕ ಮುಟ್ಟಿತು!" ಎಂದು ಮಾವ ತೊಡೆ ತಟ್ಟಿದ.

"ಅಲ್ರಿ, ಸೂರ್ಯ..." ಎಂದು ಹುಡುಗ ಮತ್ತೆ ಶುರುಮಾಡಿದ. ಇಬ್ಬರೂ ವಾದಕ್ಕೆ ಬಿದ್ದರು, ಹಾಡು ಯಾರಿಗೂ ಬೇಕಾಗಲಿಲ್ಲ.

ಅವನ ತಾಯಿ ಎದ್ದು ನನ್ನ ಹತ್ತಿರ ಬಂದು ನೀರು ಕೇಳಿ ಕುಡಿದರು. ಸೆರಗಿನಿಂದ ಬಾಯಿ ಒರೆಸಿಕೊಂಡು ಮಗನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು.

"ನಮ್ಮೂರಾಗ ಬಾವಿ ಇನ್ನೂ ದೂರ ಐತವ್ವಾ. ಇವ ಸೂರ್ಯನ ಮಾತಾಡಿಕೋಂತ ಕುಂತ್ರ, ಮನ್ಯಾಗಿನ ನೀರು ಕಾಯಾಕ ಬಾಯಿ ಇರಾಕಿ ಒಬ್ಬಾಕಿ ಬೇಕು. ಯಾವಾಗ ಬರತಿ?"